ಶಾಲು ಹೊದ್ದ ಪೆಟ್ಟಿಗೆ

ಬಹಳ ಬಹಳ ಹಿಂದೆ, ಒಬ್ಬ ರಾಜನ ಹತ್ತಿರ ಮಾತಾಡುವ ಪೆಟ್ಟಿಗೆಯೊಂದಿತ್ತಂತೆ. ರಾಜ ಮೆಚ್ಚಿ ಅದಕ್ಕೊಂದು ಶಾಲು ಹೊದಿಸಿದ. ರಾಣಿ ಇನ್ನೊಂದು, ಮಂತ್ರಿ ಮತ್ತೊಂದು. ಒಂದು ದಿನ ಪೆಟ್ಟಿಗೆಯ ಮಾತು ನಿಂತೇಹೋಯಿತು. ಆಗ ಎಲ್ಲರೂ ಸೇರಿ ಅರಮನೆಯ ಧೂಳು ಹೊಡೆಯುವವಳನ್ನು ಹಿಡಿದು ಕಂಬಕ್ಕೆ ಕಟ್ಟಿದರಂತೆ. ಈ ಕಥೆ ಹೇಳುವಾಗ ಅಜ್ಜಿ ನಗುತ್ತಿದ್ದಳು. ನನಗೀಗ ನಗು ಬರುವುದಿಲ್ಲ. ಆ ಧೂಳು ಹೊಡೆಯುವವಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿಕೊಂಡು ಆಕೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಕಂಪ್ಯೂಟರಿನ ಡಬ್ಬ. ಮೂಗಿಗೆ ಬಟ್ಟೆ, ಕೈಯಲ್ಲಿ ಬಣ್ಣ ಬಳಿಯುವ ಬ್ರಷ್ಷು, ಕೊರಳಲ್ಲಿ ಆ ಡಬ್ಬದ್ದೇ ಕರೆಂಟಿನ ವೈರು. ಊರವರು ಕರೆಯುವುದು ಧೂಳಕ್ಕ ಎಂದು. ಕೆಲಸ ಮುಗಿಯುವವರೆಗೆ ಆ ವೈರು ಕೊರಳಿನಿಂದ ಇಳಿಯುವುದಿಲ್ಲ. ಹಿಂದೊಮ್ಮೆ ಯಾವುದೋ ಮನೆಯ ಯಜಮಾನ, 'ಸರಿಹೋಯ್ತಾ ನೋಡೋಣ' ಎಂದು ಆಕೆಯ ಕೈ ಒಳಗಿರುವಾಗಲೇ ಸ್ವಿಚ್ಚು ಒತ್ತಿದ್ದನಂತೆ. "ಅವನಿಗೆ ಅವಸರ, ನನಗೆ ಜೀವ," ಎನ್ನುತ್ತಾರೆ.

ಇವತ್ತು ಅವಸರ ಈ ಮನೆಯ ಮಾವನವರಿಗೆ. ಸೊಸೆ ಇದೇ ಕಂಪ್ಯೂಟರಿನಲ್ಲಿ ಬಟ್ಟೆಗಳಿಗೆ ಹೂಬಳ್ಳಿ ಚಿತ್ರ ಬಿಡಿಸಿಕೊಡುತ್ತಾಳೆ. ಒಂದು ವಾರದಿಂದ ಅದು ಹತ್ತು ನಿಮಿಷ ಓಡಿ ಪಟ್ಟನೆ ಆರುತ್ತಿದೆ. ಬೆಳಿಗ್ಗೆ ಗುಜರಿಯವನು ಬರುತ್ತಾನೆ, ಅಷ್ಟರೊಳಗೆ ಸರಿಯಾಗದಿದ್ದರೆ ಡಬ್ಬವೂ ಹೊರಗೆ, ಸೊಸೆಯ 'ಗೀಚಾಟ'ವೂ ಬಂದ್. ಇದು ಮಾವನವರ ಆಜ್ಞೆ.

"ಹೋದ ತಿಂಗಳು ನೀನು ಬಿಚ್ಚಿದ ಮೇಲೇ ಕೆಟ್ಟಿದ್ದು," ಎನ್ನುತ್ತಾರೆ ಅವರು, ಬಾಗಿಲಲ್ಲೇ ನಿಂತು. ಬೀದಿಯಲ್ಲೂ ಇದನ್ನೇ ಹೇಳಿಕೊಂಡು ಬಂದಿದ್ದಾರೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀರಿ. ನಡೀರಿ ಆ ಕಡೆ, ಬೆಳಕಿಗೆ ಅಡ್ಡ ನಿಂತಿದೀರಾ."

ಮೂಲೆಯಲ್ಲಿದ್ದ ಸೊಸೆಯ ಕಣ್ಣು ತುಂಬಿದೆ. ಧೂಳಕ್ಕ ತಲೆ ಎತ್ತದೆಯೇ ಗದರುತ್ತಾರೆ: "ಅಳಬೇಡ ಕಣೇ ತಾಯಿ, ನೀರು ಇದಕ್ಕೆ ಆಗಲ್ಲ. ಗುಜರಿಯವನು ಬರೋದ್ರೊಳಗೆ ಓಡಿಸಿ ಕೊಡ್ತೀನಿ. ಮಾತು ಅಂದ್ರೆ ಮಾತು."

ಆಕೆ ಮೊದಲು ಕಂಪ್ಯೂಟರು ಕಲಿಸುವ ಶಾಲೆಯೊಂದರಲ್ಲಿ ಕಸ ಗುಡಿಸುತ್ತಿದ್ದರು. ನೆಲ ಒರೆಸಬಹುದಿತ್ತು, ಮೇಜು ಮುಟ್ಟುವಂತಿರಲಿಲ್ಲ. ರಿಪೇರಿಯವನೊಬ್ಬ ಧೂಳಿಗೆ ಹೇಸಿ ಬ್ರಷ್ಷನ್ನು ಇವರ ಕೈಗೆ ಕೊಟ್ಟ. ಅಲ್ಲಿಂದ ಕೆಲಸ ಕೈಗೆ ಹತ್ತಿತು. ಈಗ ದಿನಕ್ಕೆ ಮೂರೋ ನಾಲ್ಕೋ ಮನೆ. ರಾತ್ರಿಯೆಲ್ಲ ಕೆಮ್ಮು. "ನಿಮ್ಮನೆಗಳ ಧೂಳೆಲ್ಲ ನನ್ನೆದೆಯಲ್ಲಿದೆ. ಅದನ್ನ ಯಾರು ಬಿಚ್ಚಿ ಗುಡಿಸ್ತಾರೆ ಹೇಳಿ?" ಎಂದು, ನೋಡಲು ಬಂದ ಪಕ್ಕದ ಮನೆಯ ನನ್ನನ್ನು ಕೇಳುತ್ತಾರೆ.

ಕೀಬೋರ್ಡು ಬೋರಲು ಹಾಕಿ ತಟ್ಟಿದರೆ ಬಿಸ್ಕತ್ತಿನ ಪುಡಿ ಉದುರುತ್ತದೆ. "ಇಲ್ಲೊಂದು ಇರುವೆ ಸಂಸಾರ ಸುಖವಾಗಿ ಬಾಳಬಹುದಿತ್ತು." ಆಮೇಲೆ ಡಬ್ಬದೊಳಗಿನ ಪುಟ್ಟ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ಹಿಡಿದು, ತಿರುಗಲು ಬಿಡದೆ, ಬ್ರಷ್ಷು ಆಡಿಸುತ್ತಾರೆ. ನಾನು ಬಗ್ಗಿ ಊದಲು ಹೋದರೆ ಕೈ ಅಡ್ಡ ಬರುತ್ತದೆ. "ಬಾಯಲ್ಲಿ ಊದ್ಬೇಡಮ್ಮ, ಎಂಜಲು ಹಾರುತ್ತೆ."

ಬ್ರಷ್ಷು ತಟ್ಟನೆ ನಿಲ್ಲುತ್ತದೆ. ಫ್ಯಾನಿನ ನಡುವಿಗೆ ಕೆಂಪು ನೂಲು ಸುತ್ತಿಕೊಂಡಿದೆ, ಜೊತೆಗೆ ಉಂಡೆಯಾದ ಹತ್ತಿಯ ನಾರು. ಚಿಮುಟದಲ್ಲಿ ಎಳೆದು ತೆಗೆದ ಆಕೆ ಸುತ್ತ ನೋಡುತ್ತಾರೆ. ಕುರ್ಚಿಯ ಮೇಲೆ ಡಬ್ಬಕ್ಕೆ ಹೊದಿಸುವ ಕೆಂಪು ಹತ್ತಿಯ ಗವಸು, ಅಂಚಿನಲ್ಲಿ ನೂಲು ಬಿಟ್ಟಿದೆ.

"ಇದನ್ನ ಯಾವಾಗ ಹಾಕ್ತೀರಾ?"

ಸೊಸೆಯ ಪಕ್ಕಕ್ಕೆ ಬಂದು ನಿಂತ ಅತ್ತೆಯವರ ಮುಖ ಅರಳುತ್ತದೆ. "ಯಾವಾಗಲೂ. ಕಂಪ್ಯೂಟರ್ ಆನ್ ಇದ್ರೂ ತೆಗೆಯಲ್ಲ. ನೀನು ಹೋದ ತಿಂಗಳು ಅಷ್ಟು ಚೆನ್ನಾಗಿ ಒರೆಸಿ ಹೋಗಿದ್ದೆ, ಮತ್ತೆ ಕೊಳೆ ಆಗ್ಬಾರದು ಅಂತ ನಾನೇ ಹೊಲಿದೆ."

"ಆನ್ ಇರುವಾಗ ಮುಚ್ಚಬೇಡಿ ಅಂತ ಬಡ್ಕೊಂಡಿದ್ನಲ್ಲಮ್ಮಾ!" ದನಿ ಬಾಲ್ಕನಿ ದಾಟುತ್ತದೆ. "ಅದರ ಉಸಿರೇ ಆ ತೂತುಗಳು. ಮೂಗು ಬಾಯಿ ಕಟ್ಟಿ ಓಡು ಅಂದ್ರೆ ನೀವು ಓಡ್ತೀರಾ? ಒಳಗೆ ಬೆಂದು, ಸಾಯಬಾರದು ಅಂತ ತಾನೇ ಆರ್‍ತಿತ್ತು, ಪಾಪ."

ಅತ್ತೆಯವರು ಗವಸನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. "ನಿನಗೂ ಹೇಳಿದ್ಲಲ್ಲ, ತೆಗೀಬಾರ್ದಿತ್ತಾ?" ಎಂದು ಸೊಸೆಯನ್ನು ಕೇಳುತ್ತಾರೆ.

"ನೀವು ಹೊಲಿದಿದ್ದು, ಹೇಗೆ ತೆಗೀಲಿ ಅತ್ತೆ," ಎನ್ನುತ್ತಾಳೆ ಸೊಸೆ ಮೆಲ್ಲಗೆ.

ಕೆಳಗೆ ಗುಜರಿ ಗಾಡಿಯ ಗಂಟೆ. ಮಾವನವರು 'ನಿಲ್ಲಪ್ಪಾ' ಎಂದು ಕೂಗಿ ಬಾಗಿಲ ಕಡೆ ತಿರುಗುತ್ತಾರೆ. ಧೂಳಕ್ಕನ ಕೈ ಓಡುತ್ತದೆ: ಫ್ಯಾನಿನಡಿ ಒಣಗಿದ್ದ, ಬಿಸಿ ಎಳೆಯುವ ಬಿಳಿ ಪೇಸ್ಟು ಒರೆಸಿ ಹೊಸದು ಹಚ್ಚುತ್ತಾರೆ, ಫ್ಯಾನು ಕೂರಿಸುತ್ತಾರೆ, ಸ್ಕ್ರೂ ಬಿಗಿಯುತ್ತಾರೆ. ಡಬ್ಬವನ್ನು ಒಳಗೆ ಒಯ್ದು ಗೋಡೆಯಿಂದ ಒಂದು ಗೇಣು ಈಚೆ ಇಡುತ್ತಾರೆ. ಕೊನೆಗೆ ಕೊರಳ ವೈರು ತೆಗೆದು ಸೊಸೆಯ ಕೈಗೆ ಕೊಡುತ್ತಾರೆ.

ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಹತ್ತು ನಿಮಿಷ ಕಳೆಯುತ್ತದೆ, ಮತ್ತೆ ಹತ್ತು. ಯಾರೂ ಕೂರುವುದಿಲ್ಲ, ಗುಜರಿಯವನು ಕೆಳಗೇ ಕಾಯುತ್ತಿದ್ದಾನೆ. ಪರದೆಯ ಮೇಲೆ ಅರ್ಧಕ್ಕೆ ನಿಂತಿದ್ದ ಬಳ್ಳಿ ಆರದೆ ಹಾಗೇ ಇದೆ.

"ಬೀದಿಯಲ್ಲಿ ನನ್ನ ಹೆಸರು ಕೆಡಿಸಿದ ಬಾಯಲ್ಲೇ ಇದನ್ನೂ ಹೇಳಿ, ಯಜಮಾನ್ರೇ," ಎನ್ನುತ್ತಾರೆ ಧೂಳಕ್ಕ, ಧೂಳಿನ ಪೇಪರು ಮಡಚುತ್ತ. "ನನಗೆ ಬೇರೇನೂ ಬೇಡ."

ಮಾವನವರು ಬಾಲ್ಕನಿಯ ಕಂಬಿಯಿಂದ ಬಗ್ಗಿ, ಇಡೀ ಬೀದಿಗೆ ಕೇಳುವಂತೆ ಕೂಗುತ್ತಾರೆ:

"ಹೋಗಪ್ಪಾ, ಗುಜರಿ! ಇಲ್ಲೇನೂ ಕೆಟ್ಟಿಲ್ಲ. ಧೂಳಕ್ಕ ಸರಿ ಮಾಡಿದ್ಲು!"

ಒಳಗೆ ಸೊಸೆ ಬಳ್ಳಿಗೆ ಮುಂದಿನ ಎಲೆ ಬಿಡಿಸುತ್ತಾಳೆ.