ಆರ್ಲೊನ ಹನ್ನೊಂದು ಅಂಗಿಚುಂಗು

ಐನಾರ್ ಚಿಕ್ಕಪ್ಪನ ಬೇಟೆಮನೆಯ ಗೋಡೆಯ ಮೇಲೆ ಒಟ್ಟು ಹದಿನಾಲ್ಕು ಅಂಗಿಚುಂಗುಗಳಿದ್ದವು. ಅವುಗಳಲ್ಲಿ ಹನ್ನೊಂದು ಆರ್ಲೊ ಕಾರ್ಪಿಯವು. ಜಿಂಕೆಗೆ ಈಡು ಹೊಡೆದು ಗುರಿ ತಪ್ಪಿದವನ ಅಂಗಿಯ ಹಿಂಭಾಗದ ತುದಿಯನ್ನು ಕತ್ತರಿಸಿ, ಹೆಸರು, ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುವುದು ಮಿಷಿಗನ್ನಿನ ಆ ಉತ್ತರದ ಕಾಡುಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಉಳಿದ ಮೂರು ಚುಂಗು ಸತ್ತುಹೋದವರವು. ಅಂದರೆ ಬದುಕಿರುವವರಲ್ಲಿ ಗುರಿ ತಪ್ಪುವವನು ತಾನೊಬ್ಬನೇ ಎಂದು ಆರ್ಲೊ ಯಾವತ್ತೋ ಕಂಡುಕೊಂಡಿದ್ದ. ನವೆಂಬರ್ ಬಂತೆಂದರೆ ಹೆಂಡತಿ ಹುಡುಕಿ ಹುಡುಕಿ ಅವನ ಹಳೆಯ ಅಂಗಿಗಳನ್ನೇ ಚೀಲಕ್ಕೆ ತುಂಬುತ್ತಿದ್ದಳು. ಒಳ್ಳೆಯ ಅಂಗಿ ಹಾಳಾಗುವುದು ಯಾರಿಗೆ ಬೇಕು?

ಆರ್ಲೊ ಶಾಲೆಯ ಬಸ್ಸಿನ ಡ್ರೈವರ್. ವಯಸ್ಸು ನಲವತ್ತೇಳು. ಹಿಮ ಸುರಿಯುವಾಗ ಬಸ್ಸಿನ ತುಂಬ ಮಕ್ಕಳನ್ನು ಕೂರಿಸಿಕೊಂಡು ಇಳಿಜಾರು ಇಳಿಯುವಾಗಲೂ ಅಲುಗದ ಅವನ ಕೈ, ಕೊಂಬಿನ ಜಿಂಕೆ ಕಂಡೊಡನೆ ಚಳಿಜ್ವರ ಬಂದವನ ಕೈಯಂತೆ ನಡುಗುತ್ತಿತ್ತು. ಇದು ಅವನಿಗೆ ಹದಿನಾರನೆಯ ವಯಸ್ಸಿನಿಂದಲೂ ಗೊತ್ತು. ಊರಿಗೆ ಹೇಳಿದ್ದು ಬೇರೆ. ಒಂದು ವರ್ಷ ಬಂದೂಕಿನ ಗುರಿನೋಟ ಸರಿಯಿರಲಿಲ್ಲ, ಇನ್ನೊಂದು ವರ್ಷ ಗಾಳಿ ತಿರುಗಿತು, ಮತ್ತೊಂದು ವರ್ಷ ನಡುವೆ ಬರ್ಚ್ ಮರದ ಕೊಂಬೆ ಅಡ್ಡ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆರ್ಲೊ ಮೂವತ್ತು ವರ್ಷದಲ್ಲಿ ಇಡೀ ಕಾಡನ್ನೇ ಡೊಂಕು ಮಾಡಿದ್ದ.

ಈ ಸಲ ಅವನ ಜೊತೆ ಮಗಳು ಕೈಸಾ ಹೊರಟಿದ್ದಳು. ಹದಿನಾಲ್ಕರ ಹುಡುಗಿ. ಎರಡು ವರ್ಷದ ಹಿಂದಿನವರೆಗೂ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಅಪ್ಪನ ತಲೆ ತಿನ್ನುತ್ತಿದ್ದವಳು ಈಗ ಕೊನೆಯ ಸೀಟಿಗೆ ಹೋಗಿದ್ದಳು. ಮನೆಯಲ್ಲಿ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ದಿನಕ್ಕೆ ಅಪ್ಪನ ಪಾಲಿಗೆ ಬರುತ್ತಿದ್ದುದು ‘ಹ್ಞೂಂ’, ‘ಗೊತ್ತಿಲ್ಲ’ ಎಂಬ ಎರಡು ಮಾತು. ಬೇಟೆಗೆ ಬರುತ್ತೀಯಾ ಎಂದು ಅವನು ಹೆದರಿ ಹೆದರಿ ಕೇಳಿದಾಗ, ಒಂದು ಸಲ ಬಂದು ನೋಡುತ್ತೇನೆ, ಬೇಜಾರಾದರೆ ಮುಂದಿನ ವರ್ಷ ಕರೆಯಬೇಡ ಎಂದಿದ್ದಳು. ಆರ್ಲೊನಿಗೆ ಜಿಂಕೆ ಬೇಕಿರಲಿಲ್ಲ. ಮುಂದಿನ ವರ್ಷ ಬೇಕಿತ್ತು.

ಅದಕ್ಕೇ ಬೇಸಿಗೆಯಿಡೀ ಗುರುವಾಗಿ ಮೆರೆದ. ಅರ್ಧ ಉಸಿರು ಬಿಟ್ಟು ಹಿಡಿ, ಬಂದೂಕಿನ ಕುದುರೆಯನ್ನು ಬೆರಳಿನಿಂದ ಮೆಲ್ಲಗೆ ಹಿಂಡು, ಮುಂಗಾಲಿನ ಹಿಂದಕ್ಕೆ ಗುರಿಯಿಡು. ತಾನು ಒಂದು ದಿನವೂ ಪಾಲಿಸದ ನಿಯಮಗಳನ್ನು ಕಲಿಸಿಕೊಡುವುದರಲ್ಲಿ ಅವನಷ್ಟು ಗಟ್ಟಿಗ ಆ ಸೀಮೆಯಲ್ಲೇ ಇರಲಿಲ್ಲ. ಬೇಲಿಯ ಮೇಲಿಟ್ಟ ತಗಡಿನ ಡಬ್ಬಿಗಳಲ್ಲಿ ಕೈಸಾ ಹತ್ತಕ್ಕೆ ಒಂಬತ್ತನ್ನು ಉರುಳಿಸಿದಳು. ಡಬ್ಬಿಯ ಮಟ್ಟಿಗೆ ಅಪ್ಪನ ಗುರಿಯೂ ಚೆನ್ನಾಗಿಯೇ ಇತ್ತು. ಡಬ್ಬಿ ತಿರುಗಿ ನೋಡುವುದಿಲ್ಲವಲ್ಲ.

ನವೆಂಬರ್ ಹದಿನೈದು ಬೇಟೆಯ ಮೊದಲ ದಿನ. ಶಾಲೆಗೆ ರಜೆ. ಕೊಡದಿದ್ದರೂ ಅವತ್ತು ಬರುವವರು ಯಾರು? ಬೆಳಕು ಹರಿಯುವ ಮೊದಲೇ ಅಪ್ಪ ಮಗಳು ಕಿತ್ತಳೆ ಬಣ್ಣದ ಕೋಟು ತೊಟ್ಟು, ಜೌಗಿನ ಅಂಚಿನಲ್ಲಿ ಹಲಗೆ ಕಟ್ಟಿ ಮಾಡಿದ ಮರಸಿನೊಳಗೆ ಜಿಂಕೆಗೆ ಕಾಣದಂತೆ ಅವಿತು ಕೂತರು. ಮೊದಲ ಈಡು ಕೈಸಾಳದು ಎಂದು ಮಾತಾಗಿತ್ತು. ಗಾಯಗೊಂಡು ಓಡಿದರೆ ಬೇಕಾದೀತು ಎಂದು ಆರ್ಲೊ ತನ್ನ ಬಂದೂಕಿಗೂ ಐದು ತೋಟಾ ತುಂಬಿ ಮೂಲೆಗೆ ಒರಗಿಸಿದ್ದ.

ಒಂಬತ್ತರ ಹೊತ್ತಿಗೆ ಜಿಂಕೆ ಬಂತು. ಎಂಟು ಕವಲಿನ ಕೊಂಬಿದ್ದ ಗಂಡು. ಅರವತ್ತು ಹೆಜ್ಜೆ ದೂರದಲ್ಲಿ ಅಡ್ಡಲಾಗಿ ನಿಂತು ಹಿಮ ಮೂಸುತ್ತಿತ್ತು. ಕೈಸಾ ಬಂದೂಕೆತ್ತಿ ಕೆನ್ನೆಗೆ ಒತ್ತಿ ಕಲ್ಲಿನ ಹಾಗೆ ಕೂತಳು. ಆರ್ಲೊ ಕಾದ. ಇನ್ನೂ ಕಾದ. ಹುಡುಗಿಗೆ ಎಂಥ ತಾಳ್ಮೆ, ಇದು ತಾಯಿಯ ಕಡೆಯಿಂದ ಬಂದದ್ದೇ ಇರಬೇಕು ಅಂದುಕೊಂಡ. ಜಿಂಕೆ ತಲೆಯೆತ್ತಿ ಎರಡು ಹೆಜ್ಜೆ ಹಾಕಿತು. ಅಷ್ಟೇ, ಅವನ ಮೈಗೆ ಹಳೆಯ ದೆವ್ವ ಹೊಕ್ಕಿತು. ಮೂಲೆಯ ಬಂದೂಕು ಕೈಗೆ ಬಂದದ್ದೇ ತಿಳಿಯಲಿಲ್ಲ. ಗುರಿಯಿಟ್ಟ, ತೋಟಾ ಬದಲಿಸುವ ಲಿವರ್ ಎಳೆದ, ಮತ್ತೆ ಎಳೆದ, ಹೀಗೆ ಐದು ಸಲ ಎಳೆದ. ಐದು ಈಡು ಹಾರಿಸಿದೆನೆಂದೇ ಅವನು ನಂಬಿದ್ದ. ಜಿಂಕೆ ಇದೇನು ಕಟಕಟ ಎಂದು ಒಂದು ಗಳಿಗೆ ನೋಡಿ, ಬಾಲದ ಬಿಳಿ ತೋರಿಸಿ, ಅವಸರವಿಲ್ಲದೆ ಜೌಗಿಗೆ ಇಳಿಯಿತು.

“ಬಿತ್ತಾ?” ಎಂದು ಕೇಳಿದ ಆರ್ಲೊ.

ಕೈಸಾ ಬಗ್ಗಿ, ಅವನ ಬೂಟಿನ ಸುತ್ತ ಬಿದ್ದಿದ್ದ ತೋಟಾಗಳನ್ನು ಒಂದೊಂದಾಗಿ ಹೆಕ್ಕಿದಳು. ಐದೂ ಭರ್ತಿ ಇದ್ದವು. ಅವನು ಲಿವರ್ ಎಳೆದೆಳೆದು ತೋಟಾಗಳನ್ನು ಹೊರಗೆ ಚೆಲ್ಲಿದ್ದನೇ ಹೊರತು ಕುದುರೆಯನ್ನು ಒಂದು ಸಲವೂ ಮುಟ್ಟಿರಲಿಲ್ಲ. ಅವಳು ಅವನ್ನು ಅಪ್ಪನ ಕೋಟಿನ ಜೇಬಿಗೆ ಹಾಕಿ ಮುಖ ಆಚೆ ತಿರುಗಿಸಿದಳು. ಇಬ್ಬರೂ ಬೇಟೆಮನೆಯತ್ತ ಹಿಂತಿರುಗಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಆರ್ಲೊನಿಗೆ. ಭೂಮಿ ಹೆಪ್ಪುಗಟ್ಟಿತ್ತು.

ಬೇಟೆಮನೆಯಲ್ಲಿ ಎಪ್ಪತ್ತಾರರ ಐನಾರ್ ಚಿಕ್ಕಪ್ಪ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿಗಳನ್ನು ಒಲೆಯಿಂದ ತೆಗೆಯುತ್ತಿದ್ದ. ಕತ್ತರಿ ಆಗಲೇ ಮೇಜಿನ ಮೇಲಿತ್ತು. ಅವನ ಮಗ ಗ್ಲೆನ್ ಬೆಳಿಗ್ಗೆಯೇ ಒಂದನ್ನು ಹೊಡೆದು ಮರಕ್ಕೆ ನೇತುಹಾಕಿ ಬಂದಿದ್ದ. ನಿಮ್ಮ ಕಡೆಯಿಂದ ಸದ್ದೇ ಇಲ್ಲವಲ್ಲ ಎಂದು ಮುದುಕ ಕೇಳಿದ. ಗ್ಲೆನ್ ಬಿಡುತ್ತಾನೆಯೇ?

“ಜಿಂಕೆಗಳಿಗೂ ಗೊತ್ತಪ್ಪ, ಆರ್ಲೊ ಪಕ್ಕದಲ್ಲಿ ಇದ್ರೆ ಕ್ಷೇಮ ಅಂತ.”

ಕೈಸಾ ಪೇಸ್ಟಿ ಮುರಿಯುತ್ತಾ, ತಲೆಯೆತ್ತದೆ ಹೇಳಿದಳು. “ಒಂದು ಬಂದಿತ್ತು ಅಜ್ಜ. ಅಷ್ಟರಲ್ಲಿ ಗಾಳಿ ತಿರುಗ್ತು.”

ಆರ್ಲೊನ ಕಾಫಿ ಬಾಯಿಗೆ ಹೋಗಲಿಲ್ಲ. ಅದು ಅವನದೇ ಮಾತು, ಅವನದೇ ರಾಗ. ಅಪ್ಪನ ಮಾನ ಮುಚ್ಚಲು ಹುಡುಗಿ ಸುಳ್ಳು ಹೇಳುತ್ತಿದ್ದಳು, ಅದೂ ಅಭ್ಯಾಸವಾದವರ ಹಾಗೆ. ಬೇಸಿಗೆಯಿಡೀ ಕಲಿಸಿದ್ದು ಹತ್ತಿತ್ತೋ ಇಲ್ಲವೋ, ಕಲಿಸದೆ ಇದ್ದದ್ದು ಚೆನ್ನಾಗಿ ಹತ್ತಿತ್ತು. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

“ಗಾಳಿ ಎಲ್ಲೂ ತಿರುಗ್ಲಿಲ್ಲ,” ಎಂದು ಜೇಬಿನಿಂದ ಐದು ತೋಟಾ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಆದದ್ದನ್ನು ಆದಂತೆ ಹೇಳಿದ. ಗೋಡೆಯ ಮೇಲಿನ ಹನ್ನೊಂದಕ್ಕೂ ಗಾಳಿ, ಕೊಂಬೆ, ಗುರಿನೋಟ ಯಾವುದೂ ಕಾರಣವಲ್ಲ, ತನ್ನ ಕೈ ನಡುಗುತ್ತದೆ ಎಂದ.

ಗ್ಲೆನ್ ನಗುವ ಭರದಲ್ಲಿ ಬೆಂಚಿನಿಂದ ಕೆಳಗೆ ಬಿದ್ದ. ಮುದುಕ ನಗಲಿಲ್ಲ.

“ಗುರಿನೋಟ ಸರಿಯಿಲ್ಲ ಅಂದ್ಯಲ್ಲ, ಆ ವರ್ಷ ನಿನ್ನ ಬಂದೂಕು ನಾನೇ ಹೊಡೆದು ನೋಡಿದ್ದೆ ಕಣೋ. ಕೂದಲೆಳೆಯಷ್ಟೂ ಆಚೀಚೆ ಇರ್ಲಿಲ್ಲ.”

ಹಾಗಾದರೆ ಯಾಕೆ ಹೇಳಲಿಲ್ಲ ಎಂದ ಆರ್ಲೊ.

“ನೀನೇ ಹೇಳ್ತೀಯ ಅಂತ ಕಾದೆ. ಇಪ್ಪತ್ತು ವರ್ಷ ಆಯ್ತು.”

ಕೈಸಾಳ ಮುಖದಲ್ಲಿಯೂ ನಗುವಿರಲಿಲ್ಲ. ಹೋಯಿತು ಮುಂದಿನ ವರ್ಷ ಎಂದುಕೊಂಡ ಆರ್ಲೊ. ಹುಡುಗಿ ಬಾಯಿಯಲ್ಲಿದ್ದದ್ದನ್ನು ನುಂಗಿದಳು.

“ನಂಗೆ ಕುದುರೆ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ ಅಪ್ಪ. ನಡುಗಿ ನಡುಗಿ ಬೆರಳೇ ಮರಗಟ್ಟಿತ್ತು. ನೀನು ಅಷ್ಟೆಲ್ಲ ಕಲಿಸಿದ್ಯಲ್ಲ, ನಾನೊಬ್ಳೇ ದಂಡ ಅಂದ್ಕೊಂಡೆ. ಇನ್ಮೇಲೆ ಬರೋದೇ ಬೇಡ ಅಂತಿದ್ದೆ.”

ಹೇಳಿ ಮತ್ತೆ ತಿನ್ನತೊಡಗಿದಳು. ಮೂವತ್ತು ವರ್ಷ ಅಪ್ಪನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಅವಳು ಎರಡು ತುತ್ತಿನ ನಡುವೆ ಆಡಿ ಮುಗಿಸಿದ್ದಳು. ಆಮೇಲೆ ನಾಳೆ ಎಷ್ಟೊತ್ತಿಗೆ ಏಳಬೇಕು ಎಂದು ಕೇಳಿದಳು.

ಐದು ಗಂಟೆಗೆ ಎಂದ ಆರ್ಲೊ. ಕೈಯೆತ್ತಿ ಐದು ಬೆರಳು ತೋರಿಸಿದ. ಬೆರಳು ನಡುಗುತ್ತಿದ್ದವು. ಅವಳು ನೋಡಿದಳು. ಅವನು ಕೈ ಬಚ್ಚಿಡಲಿಲ್ಲ.