ನನ್ನ ಎಡಗೈ ಕೇಳಿದ ಗಾಡಿ

ಈಗಲೂ ಇಳಿಜಾರು ಬಂದರೆ ನನ್ನ ಬಲಗಾಲು ತಾನಾಗಿಯೇ ಮುಂದಕ್ಕೆ ಒತ್ತುತ್ತದೆ. ಹೊಸಪೇಟೆಯೊಳಗೆ ಸೇತುವೆ ಇಳಿಯುವ ಆಟೋದ ಹಿಂದಿನ ಸೀಟಿನಲ್ಲಿ ಕೂತಿದ್ದರೂ ಅಷ್ಟೇ. ಅಲ್ಲಿ ಬ್ರೇಕ್ ಇಲ್ಲ, ಇರುವುದು ಬರೀ ತಗಡು. ಆ ತಗಡನ್ನು ಒತ್ತುತ್ತಾ ನಾನು ಮತ್ತೆ ಸಂಡೂರಿನ ಗುಡ್ಡದ ಮೇಲಿರುತ್ತೇನೆ.

ನಾನು ದನದ ಡಾಕ್ಟರು. ಹೊಸಪೇಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಆದರೆ ಕೆಲಸವೆಲ್ಲ ಹೊರಗೆ. ಕಂಪ್ಲಿ ಕಡೆಯ ಗದ್ದೆಯ ಊರುಗಳಲ್ಲಿ ಎಮ್ಮೆ, ಕಮಲಾಪುರದ ಸುತ್ತ ಸೀಮೆ ಆಕಳು, ಸಂಡೂರಿನ ಗುಡ್ಡದ ಹಟ್ಟಿಗಳಲ್ಲಿ ಕುರಿ, ಮೇಕೆ, ಜವಾರಿ ದನ. ಗುಡ್ಡಕ್ಕೆ ಹೋಗುವ ಡಾಕ್ಟರುಗಳು ಕಡಿಮೆ. ಡಾಂಬರು ಮುಗಿದ ಮೇಲೆ ಕೆಂಪು ಮಣ್ಣು, ಮಳೆ ಬಿದ್ದರೆ ಸೋಪಿನ ಹಾಗೆ ಜಾರುತ್ತದೆ. ನಾನು ಹೋಗುತ್ತೇನೆ. ಇನ್ನು ಮುಂದೆಯೂ ಹೋಗುತ್ತೇನೆಯೇ ಎಂಬುದು ಮಾತ್ರ ಕೆಲವು ತಿಂಗಳು ನಮ್ಮ ಮನೆಯಲ್ಲಿ ದಿನನಿತ್ಯದ ಜಗಳವಾಗಿತ್ತು.

ಕಷ್ಟದ ಹೆರಿಗೆಯ ಫೋನು ಬಂದರೆ ನನ್ನ ಗಂಡ ತಮ್ಮ ಜೀಪು ತೆಗೆಯುತ್ತಿದ್ದರು. ನನಗೆ ಗಾಡಿ ಬರುವುದಿಲ್ಲವೆಂದಲ್ಲ. ಕಾರಣ ನನ್ನ ಎಡಗೈ. ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವನ್ನು ಸರಿಮಾಡಲು ಭುಜದವರೆಗೆ ಕೈ ಹಾಕಬೇಕು. ಕಾಲೇಜಿನಲ್ಲಿ ಕಲಿತ ದಿನದಿಂದ ನನಗೆ ಅದು ಎಡಗೈಯ ಕೆಲಸ. ಆಕಳು ತಿಣುಕಿದಾಗೆಲ್ಲ ಅದರ ಸೊಂಟದ ಎಲುಬು ತೋಳನ್ನು ಹಿಂಡಿ ಬಿಡುತ್ತದೆ. ಬಹಳ ಹೊತ್ತು ಹೆಣಗಿ ಕೈ ಹೊರಗೆ ತೆಗೆದರೆ ಅದು ನನ್ನದು ಅನ್ನಿಸುವುದಿಲ್ಲ. ಲೋಟ ಹಿಡಿಯುವುದಿಲ್ಲ, ಗುಂಡಿ ಹಾಕುವುದಿಲ್ಲ.

ಆ ದಿನವೂ ಹಾಗೇ ಆಗಿತ್ತು. ಮಳೆಗಾಲದ ನಡುವೆ, ಗುಡ್ಡದ ಮೇಲಿನ ಹಟ್ಟಿಯೊಂದರಲ್ಲಿ, ಬೆಳಗಿನ ಹೊತ್ತು. ಕರು ಬದುಕಿತು. ಆಕಳ ಒಡತಿ, ವಯಸ್ಸಾದ ಹೆಂಗಸು, ಚಹಾದ ಲೋಟವನ್ನು ನನ್ನ ಬಲಗೈಗೇ ಇಟ್ಟು, "ಈ ಕೈಲೆ ಕುಡೀರಿ ಡಾಕ್ಟ್ರಮ್ಮ, ಆ ಕೈ ನಮ್ಮ ಆಕಳಿಗೆ ಕೊಟ್ಟೀರಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಆ ದಿನ ನಾನು ನಕ್ಕದ್ದು ಅದೇ ಕೊನೆ.

ನಮ್ಮ ಕಡೆ ಇಳಿಜಾರು ಬಂದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಕೀಲಿ ತಿರುವಿ, ಇಂಜಿನ್ ಆರಿಸಿ ಗಾಡಿಯನ್ನು ಹಾಗೇ ಬಿಡುವುದನ್ನು ಜಾಣತನ ಎಂದುಕೊಂಡವರು ಬಹಳ. ಅದಿರಿನ ಲಾರಿಗಳ ಜೊತೆ ಬಂದ ರೂಢಿ ಅದು. ನನ್ನ ಮಾವ ಲಾರಿ ಓಡಿಸಿದವರು. ಅವರ ಪಕ್ಕದಲ್ಲಿ ಕೂತು ಕಲಿತವರು ನನ್ನ ಗಂಡ. "ಗುಡ್ಡ ಇಳಿಯಾಕ ಡೀಸೆಲ್ ಯಾಕ ಸುಡಬೇಕು? ಗುಡ್ಡನ ಇಳಸ್ತೈತಿ" ಅನ್ನುತ್ತಿದ್ದರು. ಅವತ್ತೂ ಅದನ್ನೇ ಹೇಳಿ ಕೀಲಿ ತಿರುವಿದರು. ಇಂಜಿನ್ ಸದ್ದು ನಿಂತಿತು. ಹಕ್ಕಿಗಳ ಕೂಗು ಕೇಳಿಸತೊಡಗಿತು. ಹಿತವಾಗಿಯೇ ಇತ್ತು.

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಎರಡನೆಯದರಲ್ಲಿ ಅವರ ತೊಡೆ ಬಿಗಿಯಾದದ್ದು ಕಂಡಿತು. ಆಮೇಲೆ ಪೆಡಲ್ಲು ಕಲ್ಲಾಯಿತು. ಬ್ರೇಕಿಗೂ ಸ್ಟೀರಿಂಗಿಗೂ ಬಲ ಕೊಡುವುದು ಇಂಜಿನ್ನೇ, ಅದು ಆರಿದ ಮೇಲೆ ಎಲ್ಲವೂ ಮನುಷ್ಯನ ರಟ್ಟೆಯ ಮೇಲೆಯೇ. ಅವರು ಗೇರನ್ನು ಎರಡಕ್ಕೆ ತಳ್ಳಿದರು, ಕರ್ ಎಂದಿತು. ಮತ್ತೆ ತಳ್ಳಿದರು, ಮತ್ತೆ ಕರ್. ಎಡಕ್ಕೆ, ನನ್ನ ಬದಿಗೆ, ರಸ್ತೆಯ ಅಂಚು. ಅದರ ಕೆಳಗೆ ಬರೀ ಹಸಿರು ಕಾಣುತ್ತಿತ್ತು, ನೆಲ ಕಾಣುತ್ತಿರಲಿಲ್ಲ. ನಾನು ಬಲಗೈಯಿಂದ ಹ್ಯಾಂಡ್ ಬ್ರೇಕ್ ಎಳೆದೆ. ಏನೋ ಸುಟ್ಟ ವಾಸನೆ ಬಂತು, ವೇಗ ಕಡಿಮೆಯಾಗಲಿಲ್ಲ. "ಹಿಡ್ಕೋ!" ಎಂದರು. ಏನನ್ನು ಹಿಡಿದುಕೊಳ್ಳಬೇಕೋ ಹೇಳಲಿಲ್ಲ.

ಚರಂಡಿ ತೋಡಿದವರು ರಸ್ತೆಯ ಬದಿಗೆ ಸುರಿದಿದ್ದ ಮಣ್ಣಿನ ಗುಡ್ಡೆಯೊಂದು ಇತ್ತು. ಅವರು ಸ್ಟೀರಿಂಗನ್ನು ಎರಡೂ ಕೈಯಿಂದ ತಬ್ಬಿ ಅದರ ಕಡೆ ತಿರುಗಿಸಿದರು. ಜೀಪು ಗುಡ್ಡೆ ಹತ್ತಿ, ಓರೆಯಾಗಿ, ನಿಂತಿತು. ಮುಂದಿನ ಒಂದು ಗಾಲಿ ಗಾಳಿಯಲ್ಲಿ ತಿರುಗುತ್ತಲೇ ಇತ್ತು. ನನ್ನ ಚೀಲದಿಂದ ಔಷಧಿಯ ಬಾಟಲಿಯೊಂದು ಉರುಳಿ ಉರುಳಿ ಬಾಗಿಲಿಗೆ ಬಡಿಯಿತು.

"ಏನಾಗಿಲ್ಲ ಬಿಡು," ಎಂದರು ನನ್ನ ಗಂಡ. ಅವರ ಕೈ ಆಗಲೇ ಮತ್ತೆ ಗೇರಿನ ಮೇಲಿತ್ತು.

ಮನೆಯಲ್ಲಿ ತೀರ್ಪು ಬೇಗ ಬಂತು. ಅತ್ತೆ ಮೊರದಲ್ಲಿ ಜೋಳ ಕೇರುತ್ತಾ, ಮೊರದಿಂದ ಕಣ್ಣೆತ್ತದೆ ಹೇಳಿದರು: "ಇನ್ನ ಗುಡ್ಡ ಸಾಕವಾ. ಪ್ಯಾಟ್ಯಾಗ ನಾಯಿ ಬೆಕ್ಕು ಏನ್ ಕಮ್ಮಿ ಅದಾವು? ಕುಂತಲ್ಲೇ ಸೂಜಿ ಹಾಕು."

"ಅವ್ವ ಹೇಳೋದು ಖರೆ ಐತಿ," ಎಂದರು ನನ್ನ ಗಂಡ.

"ಗುಡ್ಡದಾಗಿನ ದನ ಏನ್ ಮಾಡ್ಬೇಕ್ರಿ? ಪ್ಯಾಟಿಗೆ ಬಂದು ಈಯಬೇಕಾ?"

"ಮೊದಲೆಲ್ಲಾ ನೀ ಇದ್ದೇನು? ಈಯುತಿದ್ದಿಲ್ಲೇನು?" ಎಂದರು ಅತ್ತೆ.

ಈಯುತ್ತಿದ್ದವು. ಸಾಯುತ್ತಲೂ ಇದ್ದವು. ಅದನ್ನು ಹೇಳಿದೆ. ಗುಡ್ಡ ಬಿಡುವುದಿಲ್ಲ, ನನ್ನದೇ ಗಾಡಿ ತೆಗೆದುಕೊಳ್ಳುತ್ತೇನೆ, ನಾನೇ ಓಡಿಸುತ್ತೇನೆ ಎಂದೆ. ನಾಲ್ಕೂ ಗಾಲಿಗೆ ಬಲ ಇರುವಂಥದ್ದು, ಆಟೋಮ್ಯಾಟಿಕ್ ಆದರೂ ಸರಿ ಎಂದೆ. ಆ ಒಂದು ಶಬ್ದಕ್ಕೆ ನನ್ನ ಗಂಡ ನಕ್ಕುಬಿಟ್ಟರು.

"ಅದು ಆಟದ ಗಾಡಿ. ಬ್ಯಾಟರಿ ಕುಂತ್ರ ತಳ್ಳಿ ಸ್ಟಾರ್ಟ್ ಮಾಡಾಕ ಬರಂಗಿಲ್ಲ. ಗುಡ್ಡಕ್ಕ ಹೋಗೋರಿಗೆ ಗೇರು ತಮ್ಮ ಕೈಯಾಗ ಇರಬೇಕು ನೋಡು."

"ಅವತ್ತು ನಿಮ್ಮ ಕೈಯಾಗ ಇತ್ತಲ್ರಿ."

ಅತ್ತೆಯ ಮೊರ ನಿಂತಿತು. 

ಶೋರೂಮಿಗೆ ಇಬ್ಬರೂ ಹೋದೆವು. ಅಲ್ಲಿನ ಸೇಲ್ಸ್‌ಮನ್ ನನಗೆ ಕುರ್ಚಿ ಹಾಕಿ, "ಕುಂದ್ರಿ ಮೇಡಂ. ಲೇಡೀಸ್‌ಗೆ ಆಟೋಮ್ಯಾಟಿಕ್ ಬೆಸ್ಟ್ ರೀ. ಹಂಪಿಗೆ ಗೆಸ್ಟ್ ಕರ್ಕೊಂಡು ಹೋಗಾಕ, ಮಾರ್ಕೆಟ್ಟಿಗೆ ಹೋಗಾಕ ಮಸ್ತ್ ಇರ್ತೈತಿ, ಟೆನ್ಷನ್ನೇ ಇಲ್ಲ," ಎಂದ. ನನ್ನ ಗಂಡನ ಕಡೆ ತಿರುಗಿ ದನಿ ಇಳಿಸಿ, "ಸರ್, ನಿಮಗ ಮ್ಯಾನ್ಯುಯಲ್ ತೋರಿಸ್ಲೇನ್ರಿ?" ಎಂದ.

ಗಾಡಿ ಕೇಳಲು ಬಂದವಳು ನಾನು. ಗುಡ್ಡ ಹತ್ತುವವಳು ನಾನು. ನನಗೆ ಮೈಯೆಲ್ಲ ಉರಿದುಹೋಯಿತು. "ನನಗ ಮ್ಯಾನ್ಯುಯಲ್ ತೋರಿಸ್ರಿ," ಎಂದೆ. ಡ್ಯಾಮಿನ ರಸ್ತೆಯವರೆಗೆ ಓಡಿಸಿದೆ. ಏರಿನಲ್ಲಿ ನಿಲ್ಲಿಸಿ, ಒಂದು ಗೇಣೂ ಹಿಂದೆ ಹೋಗಗೊಡದೆ ಎತ್ತಿದೆ. ಸೇಲ್ಸ್‌ಮನ್ ಹಿಂದಿನ ಸೀಟಿನಲ್ಲಿ ಸುಮ್ಮನಾದ. ಅವನು ಹಾಗೆ ಸುಮ್ಮನಾಗುವುದನ್ನು ನೋಡುವ ಒಂದೇ ಆಸೆಗೆ ನಾನು ಅವತ್ತೇ ಮ್ಯಾನ್ಯುಯಲ್ ಬುಕ್ ಮಾಡುವವಳಿದ್ದೆ. ಆದರೆ ಬುಕಿಂಗ್ ಫಾರ್ಮಿಗೆ ಪೆನ್ನು ಹಿಡಿದಾಗ ನನ್ನ ಗಂಡ ಬೆನ್ನು ತಟ್ಟಿ, "ಹಿಂಗ ದಾರಿಗೆ ಬಾ" ಎಂದರು. ನಾನು ಪೆನ್ನು ಕೆಳಗಿಟ್ಟು, "ಇನ್ನೊಮ್ಮೆ ಬರ್ತೀನ್ರಿ" ಎಂದು ಹೊರಬಿದ್ದೆ.

ಅದೇ ವಾರ ಕಂಪ್ಲಿ ಕಡೆಯ ಮೆಟ್ರಿಯಿಂದ ಎಮ್ಮೆಯ ಫೋನು ಬಂತು. ನನ್ನ ಗಂಡ ಊರಲ್ಲಿರಲಿಲ್ಲ. ಜೀಪು ರಿಪೇರಿಯಾಗಿ ಬಂದು ನಿಂತಿತ್ತು. ಕೀಲಿ ತೆಗೆದುಕೊಳ್ಳುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ದಾರಿ ಬಿಡಲಿಲ್ಲ. ನಾನು ಪಕ್ಕಕ್ಕೆ ಸರಿದು ದಾಟಿದೆ.

ಹೋಗುವಾಗ ಯಾವ ತೊಂದರೆಯೂ ಆಗಲಿಲ್ಲ. ಎಮ್ಮೆಯದು ಮಾತ್ರ ಕಷ್ಟದ ಕೆಲಸ. ಕರುವಿನ ಕುತ್ತಿಗೆ ಹಿಂದಕ್ಕೆ ಮಡಚಿಕೊಂಡಿತ್ತು. ಅದನ್ನು ನೇರ ಮಾಡಿ ಹೊರಗೆ ತೆಗೆಯುವಷ್ಟರಲ್ಲಿ ನನ್ನ ಎಡತೋಳು ಭುಜದಿಂದ ಕೆಳಗೆ ಸತ್ತಂತಾಗಿತ್ತು. ಕರು ಸೀನಿತು, ಮನೆಯವರು ಬೆಲ್ಲ ಹಂಚಿದರು. ನಾನು ಗದ್ದೆಯ ಪಕ್ಕದಿಂದ ಕಾಲುವೆಯ ಏರಿ ಹತ್ತಬೇಕಿತ್ತು. ಕೆಸರುಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ಏರಿಗೆಲ್ಲ ಮಣ್ಣು ಮೆತ್ತಿದ್ದವು. ಎರಡನೇ ಗೇರಿನಲ್ಲಿ ಅರ್ಧ ಹತ್ತಿದ ಗಾಡಿ ಏದುತ್ತಾ ಮುಂದೆ ಹೋಗದಾಯಿತು, ಕ್ಲಚ್ ಒತ್ತಿದೆ. ಒಂದಕ್ಕೆ ಹಾಕಬೇಕು. ನನ್ನ ಬೆರಳು ಗೇರಿನ ಗುಂಡಿನ ಮೇಲಿವೆ, ಮುಚ್ಚುತ್ತಿಲ್ಲ. ಅಂಗೈಯಿಂದ ತಳ್ಳಿದೆ, ಜಾರಿತು. ಬಲಗೈಯನ್ನು ಅಡ್ಡ ತಂದು ಗೇರು ಹಿಡಿದೆ. ಅಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಕನ್ನಡಿಯಲ್ಲಿ ಗದ್ದೆಯ ನೀರು ಹತ್ತಿರ ಬರುತ್ತಿತ್ತು. ಬ್ರೇಕಿನ ಮೇಲೆ ಎದ್ದು ನಿಂತೇಬಿಟ್ಟೆ.

ನಿಂತಿತು. ಇಂಜಿನ್ ಓಡುತ್ತಿತ್ತು, ನಾನು ಆರಿಸಿರಲಿಲ್ಲ.

ಎಮ್ಮೆಯ ಯಜಮಾನ ಓಡಿ ಬಂದ. "ಯಾಕ್ರಿ ಡಾಕ್ಟ್ರಮ್ಮ, ಗಾಡಿ ಕೆಟ್ಟೈತೇನ್ರಿ?"

"ಗಾಡಿ ಸರಿ ಐತ್ರಿ. ಕೈ ಕೆಟ್ಟೈತಿ. ಗಾಲಿಗೆ ಒಂದು ಕಲ್ಲು ಕೊಡ್ರಿ."

ಅವನು ಕಲ್ಲು ಕೊಟ್ಟ. ಕೈಗೆ ಜೀವ ಬರುವವರೆಗೆ ನಾನು ಆ ಏರಿಯ ಮೇಲೆ ಕೂತೆ. ಅಲ್ಲಿ ಕೂತಾಗ ಒಂದು ಮಾತು ತಿಳಿಯಿತು. ನನ್ನ ಗಂಡ ಗೇರಿನ ಬಗ್ಗೆ ಮಾತಾಡಿದ್ದರು, ಸೇಲ್ಸ್‌ಮನ್ ಲೇಡೀಸ್ ಬಗ್ಗೆ ಮಾತಾಡಿದ್ದ, ನಾನು ಅವರಿಬ್ಬರಿಗೆ ಉತ್ತರ ಕೊಡುವುದರ ಬಗ್ಗೆ ಯೋಚಿಸಿದ್ದೆ. ಗೇರು ಹಾಕಬೇಕಾದ ಕೈಯನ್ನು ಯಾರೂ ಕೇಳಿರಲಿಲ್ಲ. ಗುಡ್ಡ ಹತ್ತುವಾಗ ಅದು ಗಟ್ಟಿ ಇರುತ್ತದೆ. ಇಳಿಯುವಾಗ, ಗಾಡಿಯನ್ನು ಹಿಡಿದು ನಿಲ್ಲಿಸಬೇಕಾದ ಹೊತ್ತಿನಲ್ಲೇ, ಅದು ನನ್ನ ಬಳಿ ಇರುವುದಿಲ್ಲ. ಮ್ಯಾನ್ಯುಯಲ್ ತೆಗೆದುಕೊಂಡರೆ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರು ಬೇಕು. ಅವರಿಗೆ ಬಿಡುವಾದಾಗ ಮಾತ್ರ ನನ್ನ ದನಗಳು ಈಯಬೇಕು.

ಸೇಲ್ಸ್‌ಮನ್ ಹೇಳಿದ್ದನ್ನೇ ಕೊಳ್ಳಬೇಕಲ್ಲ ಎಂಬ ಸಿಟ್ಟನ್ನು ಆ ಏರಿಯ ಮೇಲೆಯೇ ಬಿಟ್ಟು ಬಂದೆ. ಅವನು ಏನೆಂದುಕೊಂಡರೆ ನನಗೇನು?

ಮತ್ತೆ ಶೋರೂಮಿಗೆ ಒಬ್ಬಳೇ ಹೋದೆ. "ಆಟೋಮ್ಯಾಟಿಕ್ ಬೇಕು. ಆದ್ರ ಇಳಿಜಾರಿನಾಗ ಗಾಡಿಯನ್ನ ಒಂದನೇ ಗೇರಿನಾಗೇ ಕಟ್ಟಿ ಹಾಕಾಕ ಬರ್ತೈತೇನ್ರಿ? ಅದನ್ನ ಮೊದಲು ತೋರಿಸ್ರಿ," ಎಂದೆ.

"ಅದನ್ನ ಯಾರೂ ಕೇಳಂಗಿಲ್ಲ ಮೇಡಂ," ಎಂದ. ಆಮೇಲೆ ಯಾರಿಗೋ ಫೋನು ಮಾಡಿ, ಬಂದು ತೋರಿಸಿದ. ಲಿವರನ್ನು ಬದಿಗೆ ಸರಿಸಿ ಒಂದಕ್ಕೆ ಇಳಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್, ನಾಲ್ಕೂ ಗಾಲಿಯನ್ನು ನಿಧಾನದ ಬಲಕ್ಕೆ ಕಟ್ಟುವುದು. ಅದನ್ನು ಗಾಡಿ ನಿಂತಿರುವಾಗಲೇ ಹಾಕಬೇಕು. ಹಟ್ಟಿಯ ಅಂಗಳದಲ್ಲೇ ಹಾಕಿಕೊಂಡರೆ, ಎಡಗೈ ಆಗದಿದ್ದರೆ ಬಲಗೈಯಿಂದ ಹಾಕಿಕೊಂಡರೆ, ಗುಡ್ಡದ ಬುಡದವರೆಗೆ ಎಡಗೈಗೆ ಕೆಲಸವೇ ಇಲ್ಲ. ಅಲ್ಲೇ ಬುಕ್ ಮಾಡಿದೆ.

ಗಾಡಿ ಬಂದ ದಿನ ಅತ್ತೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. "ಎಮ್ಮಿ ಹೊಟ್ಟ್ಯಾಗ ಕೈ ಹಾಕಾಕಿ ಇಕಿ, ಇಕಿಗೆ ಯಾರು ಹೇಳೋರು," ಎಂದು ನೆರೆಮನೆಯವಳಿಗೆ ಕೇಳುವ ಹಾಗೆ ಹೇಳಿದರು. ಬೈಗುಳವೋ ಹೊಗಳಿಕೆಯೋ ಎಂದು ನಾನು ವಿಚಾರಿಸಲಿಲ್ಲ.

ಗುಡ್ಡದ ಅದೇ ಹಟ್ಟಿಯಿಂದ ಫೋನು ಬಂದಾಗ ನನ್ನ ಗಂಡ ತಾವಾಗಿಯೇ ಬಂದು ಎಡಗಡೆಯ ಸೀಟಿನಲ್ಲಿ ಕೂತರು. "ಸುಮ್ನ ಬರ್ತೀನಿ," ಎಂದರು. ಬರಲಿ ಎಂದೆ. ಈ ಸಲವೂ ಹೆಣಗಾಟವೇ. ಕರು ಬದುಕಿತು, ಕೈ ಸತ್ತಿತು. ಅಂಗಳದಲ್ಲೇ ಎರಡೂ ಲಿವರ್ ಸರಿ ಮಾಡಿಕೊಂಡು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಟೆ.

ಇಳಿಜಾರು ಶುರುವಾಯಿತು. ಇಂಜಿನ್ ಗುರ್ರೆಂದು ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯಿತು. ನಡೆದುಹೋಗುವ ಮನುಷ್ಯ ನಮ್ಮನ್ನು ದಾಟಬಹುದಿತ್ತು, ಅಷ್ಟು ನಿಧಾನ. ನನ್ನ ಎದೆ ಮಾತ್ರ ಆ ಹಳೆಯ ವೇಗದಲ್ಲೇ ಓಡುತ್ತಿತ್ತು.  ಪಕ್ಕದಲ್ಲಿ, ಇಲ್ಲದ ಕ್ಲಚ್ಚನ್ನು ನನ್ನ ಗಂಡನ ಎಡಗಾಲು ಮತ್ತೆ ಮತ್ತೆ ಒತ್ತುತ್ತಿತ್ತು.

"ಎಷ್ಟು ಡೀಸೆಲ್ ಸುಡಾಕತ್ತೈತಿ ನೋಡು ಇದು," ಎಂದರು.

"ಸುಡ್ಲಿ."

"ಇಷ್ಟು ಸಾವಕಾಶ ಹೋದ್ರ ಮನಿ ಮುಟ್ಟೋದು ಯಾವಾಗ?"

"ಮುಟ್ತೀವಲ್ಲ."

ಆ ತಿರುವು ಬಂತು. ಮಣ್ಣಿನ ಗುಡ್ಡೆಯ ಮೇಲೆ ಹುಲ್ಲು ಬೆಳೆದಿತ್ತು. ನಮ್ಮ ಗಾಲಿ ಸೀಳಿದ ಜಾಗ ಮಾತ್ರ ಇನ್ನೂ ಕೆಂಪಗಿತ್ತು. ಅಲ್ಲಿ, ಇಳಿಜಾರಿನ ನಡುವೆಯೇ, ನಾನು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದೆ. ಯಾವ ಅಗತ್ಯವೂ ಇರಲಿಲ್ಲ. ನಿಲ್ಲುತ್ತದೆಂದು ನನ್ನ ಕಾಲಿಗೆ ಗೊತ್ತಾಗಬೇಕಿತ್ತು. ನನ್ನ ಗಂಡ ಗುಡ್ಡೆಯನ್ನು ನೋಡಿದರು, ಅಂಚಿನಾಚೆಯ ಹಸಿರನ್ನು ನೋಡಿದರು. ಅವರ ಎಡಗಾಲು ಸುಮ್ಮನಾಗಿತ್ತು.

ಹಿಂದಿನ ಸೀಟಿನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಅವರು ತೆಗೆದು ಕೇಳಿಸಿಕೊಂಡರು. ಇನ್ನೂ ಮೇಲಿನ ಹಟ್ಟಿಯಂತೆ, ಕುರಿಗಳಿಗೆ ಹೊಟ್ಟೆ ಉಬ್ಬರವಂತೆ.

"ಏನಂತ ಹೇಳ್ಲಿ?" ಎಂದರು.

"ಬರಾಕತ್ತಾರ ಅಂತ ಹೇಳ್ರಿ," ಎಂದು, ಗಾಡಿ ತಿರುಗಿಸಲು ಜಾಗ ಹುಡುಕುತ್ತಾ ನಾನು ಬ್ರೇಕಿನಿಂದ ಕಾಲು ತೆಗೆದೆ.