ಶಮೀಮ ಇಲ್ಲದ ಕತೆ

ನನ್ನ ಮಗಳು ಪಾಠದ ಪುಸ್ತಕಕ್ಕಿಂತ ಜಪಾನಿನ ಚಿತ್ರಕಥೆಗಳನ್ನೇ ಹೆಚ್ಚು ಓದುತ್ತಾಳೆ. ಮಾಂಗಾ ಅಂತೆ. ಹಿಂದಿನಿಂದ ಮುಂದಕ್ಕೆ ಓದಬೇಕಂತೆ. ಒಮ್ಮೆ ಎತ್ತಿಕೊಂಡು ಕೊನೆಯನ್ನೇ ಮೊದಲು ಓದಿ ನಗೆಪಾಟಲಾದವಳು ನಾನು.

ಮೊನ್ನೆ ಭಾನುವಾರ ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಹುರುಳಿ ಆರಿಸುತ್ತ ಕೂತಿದ್ದೆ. ಅವಳು ಅಂಥದೊಂದು ಚಿತ್ರಕಥೆಯ ಎರಡನೇ ಭಾಗ ಮುಗಿಸಿ ಬಂದಳು. ಮೊದಲ ಭಾಗವೆಲ್ಲ ಹೊಳೆಯ ಈಚೆಯವರ ಕತೆಯಂತೆ. ಆಚೆಯವರು ಬರೀ ಬೆಂಕಿ ಹಚ್ಚಲು ಬರುವವರು. ಎರಡನೆಯದು ಆಚೆಯ ಒಂದು ಮನೆಯೊಳಗೆ, ಮೊದಲನೆಯದು ಶುರುವಾದ ದಿನವೇ ಶುರುವಾಗುತ್ತದೆ. ಅಲ್ಲೊಬ್ಬ ತಾಯಿ ಮಕ್ಕಳನ್ನು ಮಂಚದಡಿ ಅಡಗಿಸುತ್ತಿದ್ದಾಳೆ.

"ಅಮ್ಮ, ನಿನ್ನ ಹೊನ್ನಾವರದ ಕತೇಲಿ ಆ ಕಡೆಯೋರು ಯಾರೂ ಇರ್ಲೇ ಇಲ್ವಾ?" ಎಂದಳು.

ಹೊನ್ನಾವರದ ಕತೆಯನ್ನು ನಾನು ನೆಂಟರೆದುರು ಎಷ್ಟು ಸಲ ಹೇಳಿದ್ದೇನೋ. ಕಾಲೇಜು ಮುಗಿಸಿ ಕುಮಟಾದಿಂದ ಬರುವಾಗ, ಭಟ್ಕಳದಲ್ಲಿ ಗಲಾಟೆಯೆಂದು ಬಸ್ಸು ಹೊನ್ನಾವರದಲ್ಲೇ ನಿಂತದ್ದು, ನಾನು ಧೈರ್ಯಗೆಡದೆ ಒಂದು ಟೆಂಪೋ ಹತ್ತಿ ಭಟ್ಕಳದ ಹತ್ತಿರ ಹೆಬಳೆಯ ತವರುಮನೆ ಸೇರಿದ್ದು. ಧೈರ್ಯ ಪ್ರತಿಸಲವೂ ತುಸು ಹೆಚ್ಚಾಗುತ್ತಿತ್ತು. ಶಮೀಮಳನ್ನು ಮಾತ್ರ ಯಾವತ್ತೂ ಹೇಳಿಲ್ಲ.

ಶಮೀಮ ಭಟ್ಕಳದ ನವಾಯತ ಮುಸ್ಲಿಮರ ಹುಡುಗಿ, ನನ್ನದೇ ತರಗತಿ. ಬಸ್ಸಿನಲ್ಲಿ ನನಗೆ ವಾಂತಿಯಾಗುತ್ತದೆಂದು ಎರಡು ವರ್ಷ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟವಳು. ಅವತ್ತೂ ಜೊತೆಗಿದ್ದಳು. ಹೊನ್ನಾವರದ ಸ್ಟ್ಯಾಂಡಿನಲ್ಲಿ ನಾನು ಮುಖ ತೊಳೆಯುತ್ತಿದ್ದೆ, ನನ್ನ ಚೀಲ ಅವಳ ಕೈಯಲ್ಲಿತ್ತು. ಆಗ ನಮ್ಮೂರ ಗಣಪಣ್ಣ ಟೆಂಪೋ ನಿಲ್ಲಿಸಿದ. ಒಳಗೆಲ್ಲ ನಮ್ಮವರೇ.

"ಏ ತಂಗಿ, ಬೇಗ ಹತ್ತು. ಒಬ್ಳೇಯಾ? ಜೊತೆಗೆ ಯಾರಾದ್ರೂ ಇದ್ದಾರಾ?"

ಒಳಗಿನವರೆಲ್ಲ ಶಮೀಮಳ ಬುರ್ಖಾವನ್ನೇ ನೋಡುತ್ತಿದ್ದರು.

"ಯಾರೂ ಇಲ್ಲ, ಒಬ್ಳೇ," ಎಂದೆ. ಎಂದು, ಅವಳ ಕೈಯಿಂದ ನನ್ನ ಚೀಲ ತೆಗೆದುಕೊಂಡೆ.

"ಆತು, ಹುಷಾರಾಗಿ ಹೋಗು," ಎಂದಳು ಶಮೀಮ.

ಗಲಾಟೆ ಬರೀ ಸುಳ್ಳು ಸುದ್ದಿ ಎಂದು ಸಂಜೆಗೇ ಗೊತ್ತಾಯಿತು. ಮೂರನೇ ದಿನ ಬಸ್ಸಿನಲ್ಲಿ ಅವಳು ನನ್ನನ್ನು ನೋಡಿ ನಕ್ಕು, ಮುಂದಿನ ಸೀಟಿನಲ್ಲಿ ಕೂತಳು. ಪರೀಕ್ಷೆ ಮುಗಿಯುವವರೆಗೂ ಅಲ್ಲೇ ಕೂತಳು. ನನಗೆ ದುಃಖವಾಯಿತೆಂದು ಬರೆದರೆ ಚೆಂದ. ನಿಜವಾಗಿ ಆದದ್ದು ನಿರಾಳ. ಮಾತಾಡುವುದು ತಪ್ಪಿತಲ್ಲ ಎಂದು.

ಇಷ್ಟನ್ನೂ ಮಗಳಿಗೆ ಹೇಳಿದೆ. ಹೇಳುವಾಗ ಹುರುಳಿಯಿಂದ ತಲೆ ಎತ್ತಲಾಗಲಿಲ್ಲ.

"ಮತ್ತೆ ಅವ್ರು ಮನೆಗೆ ಹೆಂಗೆ ಹೋದ್ರು?"

"ಗೊತ್ತಿಲ್ಲ."

"ಒಂದು ಸಲನೂ ಕೇಳ್ಲಿಲ್ವಾ?"

"ಇಲ್ಲ."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಎದುರು ಕೂತು, ಮೊರದ ಇನ್ನೊಂದು ಅಂಚಿನಿಂದ ಕಲ್ಲು ಆರಿಸತೊಡಗಿದಳು.

ನಿನ್ನೆ ನಾದಿನಿ ಬಂದವಳು, ಹೊನ್ನಾವರದ ಕತೆ ಹೇಳು ಅತ್ತಿಗೆ, ಮಕ್ಕಳು ಕೇಳಲಿ ಎಂದಳು. ಶಮೀಮಳ ಹೆಸರಿನಿಂದಲೇ ಶುರು ಮಾಡಿದೆ. ನಾನು ಟೆಂಪೋ ಹತ್ತಿದಲ್ಲಿಗೆ ನಿಲ್ಲಿಸಿದೆ. ಮುಂದಿನದು ಶಮೀಮಳಿಗೆ ಮಾತ್ರ ಗೊತ್ತು.